ಕಿಟಕಿಗೆ ಕಾಣುವ ಮನುಷ್ಯ

ಬೆಳಿಗ್ಗೆಯಿಂದ ಮೂರು ಸಲ ಆ ಮೆಸೇಜನ್ನು ಅಳಿಸಿಬಿಡಬೇಕೆಂದು ಫೋನು ತೆಗೆದ ಫೆಲಿಕ್ಸ್ ಮೂರು ಸಲವೂ ಅದನ್ನು ಓದಿ ಮತ್ತೆ ಜೇಬಿಗೆ ಹಾಕಿದ. 'ಸಾರ್ ಜ್ವರ ಉಂಟು. ತಲೆ ತಿರುಗ್ತದೆ. ಖತೀಫಲ್ಲಿ ಗೆಳೆಯ ಶಹೀರನ ರೂಮಲ್ಲಿ ಇದ್ದೇನೆ. ಎರಡು ದಿನ ಬಿಟ್ಟು ಬರ್ತೇನೆ. ಹಕೀಮ್.' ಎರಡು ವಾರದ ಹಿಂದಿನದು. ಅದು ಬಂದ ಮರುದಿನವೇ ಅವನು ತೋಟದ ಕೆಲಸಗಾರ ಅಬ್ದುಲ್ ಹಕೀಮನ ಹೆಸರಿನ ಮುಂದೆ ಹುರೂಬ್ ಎಂದು ಬರೆದು ಸಹಿ ಹಾಕಿದ್ದ. ಹುರೂಬ್ ಅಂದರೆ ಕೆಲಸಗಾರ ಹೇಳದೆ ಕೇಳದೆ ಓಡಿಹೋಗಿದ್ದಾನೆ ಎಂಬ ವರದಿ. ಅದು ಬಿದ್ದವನ ಇಕಾಮಾ, ಇಲ್ಲಿರುವ ಪರವಾನಗಿ, ಸತ್ತಂತೆ. ಬೀದಿಯಲ್ಲಿ ಪೊಲೀಸ್ ಕೈಗೆ ಸಿಕ್ಕರೆ ಜೈಲು, ಆಮೇಲೆ ಬರಿಗೈಯಲ್ಲಿ ವಿಮಾನ, ಮತ್ತೆ ಈ ಅರಬ್ ನೆಲಕ್ಕೆ ಕಾಲಿಡುವಂತಿಲ್ಲ. ವರದಿಯನ್ನು ಹಿಂದಕ್ಕೆ ಪಡೆಯಲು ಇವತ್ತು ಮಧ್ಯಾಹ್ನ ಮೂರು ಗಂಟೆಯವರೆಗೆ ಮಾತ್ರ ಅವಕಾಶವಿತ್ತು. ಪಡೆಯಬೇಕಾದರೆ ಕಾರಣ ಬರೆಯಬೇಕು. ಏನು ಬರೆಯುವುದು? ಫೆಲಿಕ್ಸ್ ತೋಟದ ಗಂಡಿಯಲ್ಲಿ ನಿಂತು ಬೆವರು ಒರೆಸಿಕೊಂಡ. ಆಗಸ್ಟಿನ ಕಡಲ ಹಸಿಗಾಳಿ ಬೀಸಿ ಆ ದೊಡ್ಡ ಮನೆಯ ಕಿಟಕಿಗಾಜುಗಳೆಲ್ಲ ಹೊರಗಿನಿಂದ ಬೆವತು ನೀರು ಇಳಿಸುತ್ತಿದ್ದವು.

ಮನೆ ಇಂಗ್ಲೆಂಡಿನದು. ಅಂದರೆ ಇಂಗ್ಲೆಂಡಿನ ಯಾವುದೋ ಹಳ್ಳಿಯ ಯಾವನೋ ದೊರೆಯ ಬಂಗಲೆಯ ಫೋಟೋ ನೋಡಿ, ಖತೀಫಿನ ಖರ್ಜೂರದ ತೋಟಗಳು ಮುಗಿದು ಹೆದ್ದಾರಿ ಶುರುವಾಗುವಲ್ಲಿ, ಒಂದು ಇಟ್ಟಿಗೆಯೂ ಬಿಡದೆ ಕಟ್ಟಿಸಿದ್ದು. ಎಂದೂ ಹೊಗೆ ಕಾಣದ ಹನ್ನೆರಡು ಚಿಮಣಿ, ಧೂಳಿಗೆ ಹೆದರಿ ಎಂದೂ ತೆರೆಯದ ನಲವತ್ತು ಕಿಟಕಿ, ಎದುರಿಗೆ ದಾರ ಹಿಡಿದು ಎಳೆದಂತೆ ಕತ್ತರಿಸಿದ ಬೇಲಿಗಳ ಚೌಕದೊಳಗೆ ಚೌಕ. ಅಲ್ಲಿಂದ ತಂಪು ಕಂಟೇನರಿನಲ್ಲಿ ತರಿಸಿದ ಗಿಡಗಳೆಲ್ಲ ಮೊದಲ ಬೇಸಿಗೆಯಲ್ಲೇ ಒಣಗಿ ಹುಲ್ಲಾದವು. ಅವುಗಳ ಜಾಗದಲ್ಲಿ ಈ ಊರಿನ ರಸ್ತೆ ಬದಿಯ ಕೊನೊಕಾರ್ಪಸ್ ನೆಟ್ಟರು. ಹಾಳು ಗಿಡ, ಕತ್ತರಿಸಿ ಕೈ ತೊಳೆಯುವುದರೊಳಗೆ ಚಿಗುರುತ್ತದೆ. ನಡುವೆ ಕಲ್ಲಿನ ನೆರಳುಗಡಿಯಾರ, ಅದೂ ಇಂಗ್ಲೆಂಡಿನ ಬಿಸಿಲಿಗೆ ಮಾಡಿದ್ದು. ಬೆಳಿಗ್ಗೆ ಸುಳ್ಳು, ಸಂಜೆ ಸುಳ್ಳು, ನಡುಮಧ್ಯಾಹ್ನಕ್ಕೆ ಮಾತ್ರ ಸರಿ. ಮನೆಯ ಯಜಮಾನ ಶೇಖ್ ಬೇಸಿಗೆಗೆ ಹೊರದೇಶಕ್ಕೆ ಹೋಗುತ್ತಾನೆ. ಆಗ ಮನೆಯಲ್ಲಿ ಉಳಿಯುವುದು ಮಹಡಿಯ ಕೋಣೆಯಲ್ಲಿರುವ ಅವನ ತಾಯಿ, ಎಲ್ಲರ ಬಾಯಲ್ಲೂ ಉಮ್ಮಿ, ಮತ್ತು ಅವಳನ್ನು ನೋಡಿಕೊಳ್ಳುವ ನರ್ಸ್ ಶೆರಿಲ್, ಉಡುಪಿ ಕಡೆಯ ಹುಡುಗಿ. ಆರು ವರ್ಷದಿಂದ ಈ ತೋಟದ ಸೂಪರ್‌ವೈಸರ್ ಆಗಿದ್ದರೂ ಫೆಲಿಕ್ಸನಿಗೆ ಇಲ್ಲಿ ಒಂಟಿಯಾಗಿ ನಡೆಯುವಾಗ ಯಾರದೋ ಮನೆಯಲ್ಲಿ ಕೇಳದೆ ಓಡಾಡುತ್ತಿದ್ದೇನೆ ಅನಿಸುವುದು ಬಿಟ್ಟಿರಲಿಲ್ಲ. ಫೋಟೋದ ಆ ಅಸಲಿ ಮನೆಯಲ್ಲಿ ಈಗ ಯಾರಿದ್ದಾರೋ, ಅವರಿಗೆ ತಮ್ಮ ಮನೆ ಇಲ್ಲೂ ಒಂದಿದೆ ಎಂದು ಗೊತ್ತೋ ಇಲ್ಲವೋ.

ಹಾದಿಯ ಎರಡೂ ಬದಿಗೆ ಎಂಟೆಂಟು ನವಿಲು. ಗಿಡದಲ್ಲಿ ಕತ್ತರಿಸಿ ಮಾಡಿದವು, ಬಾಲ ಉಂಟು, ರೆಕ್ಕೆ ಉಂಟು, ತಲೆ ಇಲ್ಲ. ಹಕೀಮ್ ಮಾಡಿದಾಗ ಇತ್ತು. ಜೀವವಿರುವ ಪ್ರಾಣಿಯ ಮುಖ ತನ್ನ ಅಂಗಳದಲ್ಲಿ ಬೇಡ ಎಂದು ಉಮ್ಮಿ ಹೇಳಿ ಕಳಿಸಿದ ದಿನ ಹದಿನಾರಕ್ಕೂ ಅವನೇ ಕುತ್ತಿಗೆಯವರೆಗೆ ಕತ್ತರಿ ಹಾಕಿದ. ಊರಿನಲ್ಲಿ, ಫರಂಗಿಪೇಟೆಯಲ್ಲಿ, ಹಕೀಮ್ ಕ್ಷೌರದ ಅಂಗಡಿ ಇಟ್ಟಿದ್ದವನು. ಗಿಡದ ಮುಂದೆ ನಿಂತರೂ ಗಿರಾಕಿಯ ಮುಂದೆ ನಿಂತವನ ಹಾಗೆಯೇ: ಮೊದಲು ಸುತ್ತ ಒಂದು ಸಲ ನಡೆದು, ಎಲೆಗಳನ್ನು ಬೆರಳಿನಲ್ಲಿ ಎತ್ತಿ ಹಿಡಿದು, ಆಮೇಲೆ ಕತ್ತರಿ. "ಕಿವಿ ಎಲ್ಲಿ ಅಂತ ಮೊದ್ಲು ನೋಡ್ಬೇಕು ಸಾರ್. ಕಿವಿ ಸಿಕ್ಕಿದ್ರೆ ಮತ್ತೆ ಮುಖ ತಾನಾಗಿ ಬರ್ತದೆ." ಮನೆಯಲ್ಲಿ ಅವನದು ಬ್ಯಾರಿ, ಇವನದು ಕೊಂಕಣಿ, ಇಬ್ಬರೂ ಮಾತಾಡುತ್ತಿದ್ದದ್ದು ಶಾಲೆಯಲ್ಲಿ ಕಲಿತ ಕನ್ನಡದಲ್ಲಿ. ಅದಕ್ಕೋ ಏನೋ ಅವರ ಮಾತಿನಲ್ಲಿ ಜಗಳ ಎಂದೂ ಬರಲಿಲ್ಲ. ಜಗಳವಾಗಿದ್ದರೆ ಒಳ್ಳೆಯದಿತ್ತು ಎಂದು ಫೆಲಿಕ್ಸ್ ಈಗ ಅಂದುಕೊಂಡ. ಬೈದುಕೊಂಡವನ ಮೇಲೆ ಹುರೂಬ್ ಬರೆದರೆ ಮನಸ್ಸಿಗೆ ಒಂದು ನೆಪವಾದರೂ ಸಿಗುತ್ತದೆ.

ಫೋನು ಗುಂಯ್‌ಗುಟ್ಟಿತು. ಖಲೀಲುರ್ರಹ್ಮಾನ್. ಭಟ್ಕಳದವರು, ಅಜ್ಜನ ಕಾಲದಿಂದ ಇಲ್ಲಿ ವ್ಯಾಪಾರ. ಈ ತೋಟದ ಗುತ್ತಿಗೆ ಅವರ ಕಂಪೆನಿಯದೇ, ಫೆಲಿಕ್ಸನೂ ಹಕೀಮನೂ ಅವರ ಜನವೇ. "ಫೆಲಿಕ್ಸ್, ಎಂತ ಮಾಡಿದಿರಿ? ಇವತ್ತು ಕಡೇ ದಿನ, ನೆನಪುಂಟಲ್ಲ?" "ಉಂಟು ಭಾಯಿ." "ನನಗೆ ಒಂದು ಮಾತು ಹೇಳಿ. ಅವ ನಿಜವಾಗಿ ಓಡಿದನಾ? ಹನ್ನೊಂದು ವರ್ಷ ಇದ್ದವ, ಬಟ್ಟೆಬರೆ ಎಲ್ಲ ಕ್ಯಾಂಪಲ್ಲೇ ಉಂಟು. ಓಡುವವ ಚಪ್ಪಲಿಯಾದರೂ ತಗೊಂಡು ಹೋಗುದಿಲ್ವಾ ಮಾರಾಯ್ರೆ?" ಫೆಲಿಕ್ಸ್ ಕನ್ನಡಕ ಸರಿಮಾಡಿಕೊಂಡ. "ನನಗೆ ಎಂತದೂ ಹೇಳಿ ಹೋಗಲಿಲ್ಲ." ಆ ಕಡೆ ಎಸಿಯ ಸದ್ದಿನ ನಡುವೆ ಖಲೀಲರ ದನಿ ಬಂತು. "ಆಯ್ತು. ಸುಳ್ಳು ವರದಿ ಅಂತಾದರೆ ಕಂಪೆನಿಗೆ ಪೆಟ್ಟು ಬೀಳ್ತದೆ, ಯಾರ ತಪ್ಪು ಅಂತ ಹೆಸರು ಬರೀಬೇಕಾಗ್ತದೆ. ಆ ಹೆಸರಿನವರನ್ನು ನಾನು ಆಮೇಲೆ ಇಟ್ಟುಕೊಳ್ಳಲಿಕ್ಕಾಗುದಿಲ್ಲ. ಅದನ್ನೂ ಹೇಳಿಬಿಡ್ತೇನೆ, ಮತ್ತೆ ಗೊತ್ತಿರಲಿಲ್ಲ ಅನ್ನಬಾರದು. ಮೂರು ಗಂಟೆವರೆಗೆ ಫೋನ್ ಹತ್ತಿರವೇ ಇರ್ತೇನೆ." ಮಗ ಎಲ್ವಿನ್ ಈ ವರ್ಷ ಹನ್ನೆರಡನೆಯ ತರಗತಿ. ಈಗ ಗಂಟುಮೂಟೆ ಕಟ್ಟಿಕೊಂಡು ಹೊರಟರೆ ಹುಡುಗ ಪರೀಕ್ಷೆ ಬರೆಯುವುದೆಲ್ಲಿ? ಅದನ್ನೇ ಕಾರಣ ಮಾಡಿಕೊಂಡು ಎರಡು ವಾರ ಕಳೆದಿದ್ದ. ಆದರೆ ಸಹಿ ಹಾಕುವಾಗ ಎಲ್ವಿನ್ ನೆನಪಿಗೇ ಬಂದಿರಲಿಲ್ಲವಲ್ಲ!

ಸಹಿ ಹಾಕುವಾಗ ನೆನಪಿಗೆ ಬಂದದ್ದು ಒಡೆದ ಇಗರ್ಜಿ. ತೋಟದ ಪೂರ್ವದ ತುದಿಯಲ್ಲಿ, ಫೋಟೋದಲ್ಲಿದ್ದ ಹಾಗೆಯೇ, ಒಂದು ಪಾಳುಬಿದ್ದ ಕಟ್ಟಡ ಕಟ್ಟಿಸಿದ್ದರು. ಹೊಸ ಕಲ್ಲು ತಂದು, ಉಳಿಯಲ್ಲಿ ಮುಕ್ಕು ಮಾಡಿ, ಅರ್ಧ ಕಮಾನು ನಿಲ್ಲಿಸಿ ಅರ್ಧ ಕೆಡವಿ. ತಾನಾಗಿ ಬೆಳೆದಂತೆ ಕಾಣಲೆಂದು ಒಳಗೆ ಒಂದು ಪೊದೆಯನ್ನೂ ನೆಟ್ಟಿದ್ದರು. ಇಂಗ್ಲೆಂಡಿನ ದೊರೆಗಳಿಗೆ ಅದೊಂದು ಶೋಕಿಯಂತೆ. ಕಟ್ಟಿಸಿದ ಶೇಖನಿಗೆ ಅದು ಏನೆಂದು ಗೊತ್ತಿರಲಿಲ್ಲ, ಕೆಲಸದವರು ಖರಾಬ್ ಕಟ್ಟಡ ಅನ್ನುತ್ತಿದ್ದರು. ಫೆಲಿಕ್ಸನಿಗೆ ಮೊದಲ ದಿನವೇ ಗೊತ್ತಾಗಿತ್ತು. ಪೂರ್ವದ ಗೋಡೆಯ ಉದ್ದ ಕಿಟಕಿ, ಅದರ ಕೆಳಗಿನ ಕಲ್ಲಿನ ಮೆಟ್ಟಿಲು, ಇದು ಇಗರ್ಜಿಯಲ್ಲದೆ ಮತ್ತೇನು? ಯಾರೂ ಎಂದೂ ಪ್ರಾರ್ಥಿಸದ, ಹುಟ್ಟುವಾಗಲೇ ಸತ್ತ ಇಗರ್ಜಿ. ಅವನಿಗೆ ಹನ್ನೆರಡು ಗಂಟೆಯಾದರೆ ಮೈ ತಾನಾಗಿ ನಿಲ್ಲುತ್ತಿತ್ತು. ಊರಿನಲ್ಲಿ ಹನ್ನೆರಡರ ಗಂಟೆ ಬಾರಿಸಿದರೆ ಗದ್ದೆಯಲ್ಲಿದ್ದವರೂ ನೇಗಿಲು ನಿಲ್ಲಿಸಿ, ಅಮ್ಮ ಕೈಯ ಸೌಟು ಕೆಳಗಿಟ್ಟು, ಮೂರು ನಮೋ ಮರಿಯೆ ಪ್ರಾರ್ಥನೆ ಹೇಳುತ್ತಿದ್ದರು. ಬೇಸಿಗೆಯ ಮೂರು ತಿಂಗಳು ಇಲ್ಲಿ ಹನ್ನೆರಡರಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂಬ ಕಾನೂನು. ತೋಟದಲ್ಲಿ ನರಪಿಳ್ಳೆ ಇರುವುದಿಲ್ಲ. ಆ ಹೊತ್ತಿಗೆ ಅವನು ಇಗರ್ಜಿಯೊಳಗೆ ಹೋಗಿ ಪೊದೆಯ ಪಕ್ಕ ಮಂಡಿಯೂರಿ ತಲೆ ತಗ್ಗಿಸುತ್ತಿದ್ದ. ಈ ದೇಶದಲ್ಲಿ ಬೇರೆ ಧರ್ಮದ ಪ್ರಾರ್ಥನೆಯನ್ನು ಬಯಲಲ್ಲಿ ಮಾಡುವಂತಿಲ್ಲ. ಮನೆಯೊಳಗೆ ಬಾಗಿಲು ಹಾಕಿಕೊಂಡು ಪ್ರಾರ್ಥಿಸಿದರೆ ಈಗ ಯಾರೂ ಕೇಳುವುದಿಲ್ಲ ಎನ್ನುತ್ತಾರೆ. ಇದು ಮನೆಯಲ್ಲ, ಶೇಖನ ತೋಟ. ಭಯವಿತ್ತು. ನಿಜ ಹೇಳಬೇಕೆಂದರೆ ಭಯವಿದ್ದದ್ದರಿಂದಲೇ ಆ ಪ್ರಾರ್ಥನೆಗೆ ಒಂದು ರುಚಿ ಇತ್ತು, ದಮ್ಮಾಮಿನ ಫ್ಲ್ಯಾಟಿನಲ್ಲಿ ಹೆಂಡತಿ ಎಮಿಲಿಯಾಳ ಪಕ್ಕ ಜಪಮಾಲೆ ಹಿಡಿದಾಗ ಆಕಳಿಕೆ ಬರುತ್ತಿತ್ತು.

ಆರು ವಾರದ ಹಿಂದೆ ಒಂದು ಮಧ್ಯಾಹ್ನ ಶಿಲುಬೆಯ ಗುರುತು ಮಾಡಿ ಎದ್ದು ತಿರುಗಿದರೆ ಬೇಲಿಯ ಗಂಡಿಯಲ್ಲಿ ಹಕೀಮ್ ನಿಂತಿದ್ದ. ಕೈಯಲ್ಲಿ ಕತ್ತರಿ. ಎಷ್ಟು ಹೊತ್ತಿನಿಂದಲೋ. ಕೈಯನ್ನು ಹಣೆಗೆ ಮುಟ್ಟಿಸಿ ಹಿಂದೆ ಸರಿದ. ಅಂದಿನಿಂದ ಫೆಲಿಕ್ಸ್ ಆ ಕಡೆ ತಲೆ ಹಾಕಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಏನೂ ಅನ್ನದೆಯೇ ಅವನು ದಿನಕ್ಕೆ ಹತ್ತು ಸಲ ಹೆಗಲು ಮುಟ್ಟಿಕೊಂಡ. ಒಂದು ವಾರ ಕಳೆದು ಹಕೀಮ್ ಹತ್ತಿರ ಬಂದು, "ಸಾರ್, ಒಂದು ಮಾತು ಹೇಳ್ಲಿಕ್ಕುಂಟು" ಎಂದಾಗ ಫೆಲಿಕ್ಸ್ ಒಳಗೇ ಅಂದುಕೊಂಡ. ಬಂತು ನೋಡು, ಕಂಡದ್ದನ್ನು ಮುಚ್ಚಿಡಲು ಇನ್ನು ಬೆಲೆ ಕೇಳುತ್ತಾನೆ. ರಜೆ ಕೇಳುತ್ತಾನೆ, ಸಂಬಳ ಕೇಳುತ್ತಾನೆ, ತಮ್ಮನಿಗೆ ವೀಸಾ ಕೇಳುತ್ತಾನೆ. "ಈಗ ಬಿಡುವಿಲ್ಲ, ಯಲ್ಲಾ, ನಡಿ, ಕೆಲಸ ನೋಡು" ಎಂದು ಗದರಿದ. ಮತ್ತೊಂದು ದಿನ, "ಸಾರ್, ಆ ಖರಾಬ್ ಕಟ್ಟಡದ ವಿಷಯ—" ಎಂದು ಅವನು ಶುರುಮಾಡುತ್ತಿದ್ದಂತೆ ಫೋನು ಬಂದವನಂತೆ ನಟಿಸಿ ಸುಮ್ಮನಿರುವ ಫೋನನ್ನು ಕಿವಿಗಿಟ್ಟು ನಡೆದುಬಿಟ್ಟ. ಹಕೀಮ್ ಅದನ್ನು ನೋಡಿದ. ಅವನಿಗೆ ಗೊತ್ತಾಯಿತು ಎಂದು ಇವನಿಗೂ ಗೊತ್ತಾಯಿತು. ಆಮೇಲೆ ಜ್ವರದ ಮೆಸೇಜು ಬಂದಾಗ ಫೆಲಿಕ್ಸನಿಗೆ ಮೊದಲು ಆದದ್ದು ಖುಷಿ. ನಾಚಿಕೆಗೆಟ್ಟ, ಮೈ ಹಗುರಾದ ಖುಷಿ. ಕಂಡವನನ್ನು ಕಳಿಸಿಬಿಡಲು ದಾರಿ ಸಿಕ್ಕಿತಲ್ಲ!

"ಫೆಲಿಕ್ಸ್ ಸಾರ್!" ಹಿಂಬಾಗಿಲಿನಿಂದ ಶೆರಿಲ್ ಕರೆದಾಗ ಮಧ್ಯಾಹ್ನ ಒಂದೂವರೆ ದಾಟಿತ್ತು. ಉಮ್ಮಿಯ ಕೋಣೆಯ ಎಸಿ ನೀರು ಸುರಿಸುತ್ತಿದೆಯಂತೆ. ಮೆಕ್ಯಾನಿಕ್ ಬರುವುದರೊಳಗೆ ಬಕೆಟ್ಟಾದರೂ ಇಡಬೇಕು. ಮರದ ಮೆಟ್ಟಿಲು ಹತ್ತುತ್ತಾ ಅವಳು ದನಿ ತಗ್ಗಿಸಿದಳು. "ಸಾರ್, ನಿಮ್ಮ ಹತ್ರ ಒಂದು ಕೇಳ್ಬೇಕಂತ ಇದ್ದೆ. ಮಧ್ಯಾಹ್ನ ಆ ಒಡೆದ ಕಟ್ಟಡದ ಒಳಗೆ ಯಾರನ್ನ ಕೂರಿಸ್ತೀರಿ ನೀವು?" ಫೆಲಿಕ್ಸ್ ಮೆಟ್ಟಿಲಿನ ಮೇಲೆ ನಿಂತ. "ಯಾರನ್ನು?" "ಅದೇ, ಮಂಡಿಯೂರಿ ಕೂತಿರ್ತಾನಲ್ಲ. ಬೆಳಿಗ್ಗೆ ಬಿಸಿಲು ಹೊಡಿತದೆ ಅಂತ ಪರದೆ ಹಾಕಿರ್ತೇವೆ, ಹನ್ನೆರಡಕ್ಕೆ ತೆಗಿತೇನೆ. ಉಮ್ಮಿ ದಿನಾ ಅವನನ್ನೇ ನೋಡುದು. ಅವನಿಗೆ ಕಿಬ್ಲಾ ಯಾವ ಕಡೆ ಅಂತ ಯಾರೂ ಹೇಳಿಕೊಡಲಿಲ್ವಾ, ಪಾಪ, ಉಲ್ಟಾ ಕೂತು ನಮಾಜು ಮಾಡ್ತಾನೆ ಅಂತಾರೆ. ಒಂದು ದಿನ ಹಕೀಮಣ್ಣನನ್ನು ಕರೆಸಿ ಹೇಳಿಯೂ ಹೇಳಿದ್ರು. ಅವ್ರು ನಗಾಡಿ, ಅದು ಮನುಷ್ಯ ಅಲ್ಲ ಉಮ್ಮಿ ಅಂದ್ರು." ಫೆಲಿಕ್ಸ್ ಅವಳತ್ತ ತಿರುಗಿದ. "ಯಾವಾಗ? ಎಷ್ಟು ದಿನದ ಹಿಂದೆ?" "ಅದು ತಿಂಗಳಾಯ್ತು." "ಅಲ್ಲ ಶೆರಿಲ್, ಉಮ್ಮಿ ಅವನನ್ನು ನೋಡಿದ್ದು ಯಾವಾಗ?" ಹುಡುಗಿ ಅವನ ಮುಖ ನೋಡಿದಳು. "ಯಾವಾಗ ಅಂದ್ರೆ? ದಿನಾ. ನಿನ್ನೆಯೂ ಇದ್ದ. ನಾನೂ ನೋಡಿದೆ ಸಾರ್. ನನಗೆ ಹೆದರಿಕೆ ಆಗ್ತದೆ, ಅವ ಅಲ್ಲಾಡುದೇ ಇಲ್ಲ."

ಕೋಣೆಯಲ್ಲಿ ಊದಿನ ಹೊಗೆಯ ವಾಸನೆ. ಮುದುಕಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಪ್ಪು ಬಟ್ಟೆಯೊಳಗೆ ಮುದುಡಿಕೊಂಡಿದ್ದಳು. ಗಾಜಿನ ಹೊರಮೈಯಲ್ಲಿ ನೀರು ಇಳಿಯುತ್ತಿತ್ತು, ತೋಟ ಅದರ ಹಿಂದೆ ಕರಗಿಕರಗಿ ಕೂಡಿಕೊಳ್ಳುತ್ತಿತ್ತು. ತಲೆಯಿಲ್ಲದ ನವಿಲುಗಳು, ಆಚೆ ನೆರಳುಗಡಿಯಾರ, ಅದರಾಚೆ ಮುರಿದ ಕಮಾನು. ಕಮಾನಿನೊಳಗೆ ಒಬ್ಬ ಮಂಡಿಯೂರಿ ಕುಳಿತಿದ್ದ. ಬೆನ್ನು ಈ ಕಡೆಗೆ. ಭುಜ ಇಳಿದಿತ್ತು, ಎಡಭುಜ ಬಲಕ್ಕಿಂತ ಸ್ವಲ್ಪ ಕೆಳಗೆ. ಹಳೆಯ ಬೈಕ್ ಅಪಘಾತದಿಂದ ಫೆಲಿಕ್ಸನ ಎಡಭುಜ ಹಾಗೆಯೇ ಇತ್ತು. ಅವನಿಗೆ ಒಂದು ಕ್ಷಣ ತಾನು ಇಲ್ಲಿ ಕೋಣೆಯಲ್ಲಿ ನಿಂತಿರುವುದು ಸುಳ್ಳು ಅನಿಸಿತು. ತಾನು ಆರು ವಾರದಿಂದ ಅಲ್ಲಿಂದ ಎದ್ದೇ ಇಲ್ಲ. ಎದ್ದು ಬಂದವನು, ಮೆಸೇಜು ಓದಿದವನು, ಸಹಿ ಹಾಕಿದವನು, ಹೆಂಡತಿಯ ಜೊತೆ ಊಟ ಮಾಡಿದವನು ಇನ್ಯಾರೋ. ಫೋಟೋ ನೋಡಿ ಈ ಮನೆ ಕಟ್ಟಿದ ಹಾಗೆ ತನ್ನನ್ನು ನೋಡಿ ಯಾರೋ ಮಾಡಿಟ್ಟವನು. ಕೈ ತನ್ನಷ್ಟಕ್ಕೇ ಎಡಭುಜವನ್ನು ಮುಟ್ಟಿ ನೋಡಿಕೊಂಡಿತು. ಉಮ್ಮಿ ಅರಬಿಯಲ್ಲಿ ಏನೋ ಗೊಣಗಿದಳು. "ಎಂತ ಹೇಳ್ತಾರೆ?" ಶೆರಿಲ್ ಹಿಂಜರಿದಳು. "ಅವನಿಗೆ ತಲೆ ಬರ್ತಾ ಉಂಟು ಅಂತಾರೆ ಸಾರ್. ಮೊದ್ಲು ಇರಲಿಲ್ಲವಂತೆ." ಬಕೆಟ್ಟು ಇಡುವುದನ್ನೂ ಮರೆತು ಅವನು ಮೆಟ್ಟಿಲಿಳಿದ.

ಬಿಸಿಲಿಗೆ ಬಿದ್ದೊಡನೆ ಕನ್ನಡಕ ಮಂಜಾಯಿತು. ಓಡಬಾರದು ಎಂದುಕೊಂಡರೂ ಓಡಿದ. ನವಿಲುಗಳ ನಡುವೆ ಹಾಯುವಾಗ ನೋಡಬಾರದೆಂದರೂ ನೋಡಿದ: ಎರಡು ವಾರ ಕತ್ತರಿ ಕಾಣದ ಕುತ್ತಿಗೆಗಳಲ್ಲೆಲ್ಲ ಎಳೆ ಹಸಿರು ಕಡ್ಡಿಗಳು ಎದ್ದಿದ್ದವು. ಯೇಸು, ಮರಿಯೆ, ಜುಜೆ, ಎಂದು ಬಾಯಿ ಪ್ರಾರ್ಥನೆ ಹೇಳುತ್ತಿತ್ತು. ಹಕೀಮ್ ಸತ್ತಿದ್ದಾನೆ, ಶಹೀರನ ರೂಮಿನಲ್ಲಿ ಜ್ವರ ಏರಿ ಸತ್ತು ಇಲ್ಲಿ ಬಂದು ಕೂತಿದ್ದಾನೆ, ನನ್ನ ಜಾಗದಲ್ಲಿ, ಇನ್ನು ನಾನು ಎಲ್ಲಿ ಹೋದರೂ ಅವನ ಬೆನ್ನು ಕಾಣುತ್ತದೆ. ಬೇಲಿಯ ಗಂಡಿಯಲ್ಲಿ, ಅಂದು ಹಕೀಮ್ ನಿಂತಿದ್ದ ಅದೇ ಜಾಗದಲ್ಲಿ, ಕಾಲು ನಿಂತಿತು. ಒಳಗೆ ಇದ್ದದ್ದು ಪೊದೆ. ಕಲ್ಲಿನ ನೆಲದಲ್ಲಿ ಶೋಕಿಗೆ ನೆಟ್ಟ ಅದೇ ಕೊನೊಕಾರ್ಪಸ್. ಮಡಿಸಿದ ಕಾಲು, ಪಾದದ ಹಿಮ್ಮಡಿ ಕೂಡ ಬಿಡದೆ, ಬಾಗಿದ ಬೆನ್ನು, ಎದೆಗೆ ಸೇರಿಸಿದ ಕೈ, ಇಳಿದ ಎಡಭುಜ. ಎಷ್ಟು ಮಧ್ಯಾಹ್ನ ಬೇಕಾಗಿರಬಹುದು ಇದಕ್ಕೆ? ಯಾರೂ ಇಲ್ಲದ ಹೊತ್ತು ನೋಡಿ, ಆ ಉರಿಯಲ್ಲಿ, ಕದ್ದು. ಅದಕ್ಕೇ ತಲೆ ತಿರುಗಿತ್ತು, ಅದಕ್ಕೇ ಜ್ವರ. ಕುತ್ತಿಗೆಯ ಮೇಲಕ್ಕೆ ಏನೂ ಇರಲಿಲ್ಲ, ಉಮ್ಮಿಯ ಅಪ್ಪಣೆ ಪ್ರಕಾರ. ಈಗ ಅಲ್ಲಿ ಬೆರಳುದ್ದದ ಚಿಗುರು ಗುಂಪಾಗಿ ಎದ್ದಿತ್ತು.

ಫೆಲಿಕ್ಸ್ ಅದರ ಮುಂದೆ ಹೋದ. ಪೊದೆಗೂ ಪೂರ್ವದ ಗೋಡೆಗೂ ನಡುವೆ ಒಬ್ಬ ಮಂಡಿಯೂರುವಷ್ಟು ಜಾಗ ಬಿಟ್ಟಿತ್ತು. ಗುಡಿಸಿಯೂ ಇತ್ತು, ಮೇಲೆ ಎರಡು ವಾರದ ಧೂಳು. ಗೋಣಿಚೀಲವೊಂದನ್ನು ನಾಲ್ಕು ಮಡಿಕೆ ಮಾಡಿ ಮೆಟ್ಟಿಲಿಗೆ ಹಾಸಿತ್ತು, ಮಂಡಿಗೆ ಕಲ್ಲು ಒತ್ತಬಾರದೆಂದು. ಅವನು ನಿಧಾನವಾಗಿ ಅಲ್ಲಿ ಕುಳಿತು ಹಿಂದೆ ತಿರುಗಿ ನೋಡಿದ. ಮನೆ ಇರಲಿಲ್ಲ. ನಲವತ್ತು ಕಿಟಕಿಗಳಲ್ಲಿ ಒಂದೂ ಕಾಣುತ್ತಿರಲಿಲ್ಲ, ಎಲ್ಲವನ್ನೂ ಆ ಹಸಿರು ಬೆನ್ನು ಮುಚ್ಚಿತ್ತು. ಇಲ್ಲಿ ಯಾರು ಬಂದು ಎಷ್ಟು ಹೊತ್ತು ಕುಳಿತರೂ ಕಿಟಕಿಗೆ ಕಾಣುವುದು ಗಿಡ. ನಾಳೆ ಮುದುಕಿ ಮಗನಿಗೆ ಹೇಳಿದರೂ, ಅವನು ಬಂದು ನೋಡಿದರೂ ಸಿಗುವುದು ಗಿಡ. 'ಒಂದು ಮಾತು ಹೇಳ್ಲಿಕ್ಕುಂಟು ಸಾರ್' ಎಂದದ್ದು ಇದನ್ನು. ಫೆಲಿಕ್ಸನಿಗೆ ಅಳು ಬರಲಿಲ್ಲ. ಮೊದಲು ಬಂದದ್ದು ಸಿಟ್ಟು. ಯಾರು ಹೇಳಿದ್ದರು ನಿನಗೆ? ಯಾರು ಕೇಳಿದ್ದರು? ಒಬ್ಬ ಕ್ಷೌರದವನು ತನ್ನ ಬೆನ್ನನ್ನು, ಇಳಿದ ಭುಜವನ್ನು ಇಷ್ಟು ಚೆನ್ನಾಗಿ ನೋಡಿಟ್ಟುಕೊಂಡಿದ್ದಾನೆ ಎಂಬುದೇ ಒಂದು ಅವಮಾನವಾಗಿ ಚುಚ್ಚಿತು. ಆಮೇಲೆ ಆ ಸಿಟ್ಟಿಗೇ ಅಸಹ್ಯವಾಯಿತು. ಗಂಟೆ ಎರಡೂಕಾಲು ಆಗಿತ್ತು. ಇಲ್ಲೇ ಸುಮ್ಮನೆ ಕುಳಿತುಬಿಟ್ಟರೆ ಇನ್ನು ಮುಕ್ಕಾಲು ಗಂಟೆಯಲ್ಲಿ ಎಲ್ಲ ತಾನಾಗಿ ಮುಗಿಯುತ್ತದೆ, ಯಾರಿಗೂ ಕಾಣದೆ, ಅವನು ಕಟ್ಟಿಕೊಟ್ಟ ಮರೆಯಲ್ಲೇ. ಆ ಯೋಚನೆ ಬಂದದ್ದು ನಿಜ. ಅದು ಎಷ್ಟೋ ಹೊತ್ತು ಹೋಗಲಿಲ್ಲ ಎಂಬುದೂ ನಿಜ.

ಕೊನೆಗೆ ಅವನು ಎದ್ದು ಪೊದೆಯ ಈಚೆಗೆ, ಕಿಟಕಿಗೆ ಕಾಣುವ ಕಡೆ ಬಂದು ನಿಂತು ಖಲೀಲರಿಗೆ ಫೋನು ಮಾಡಿದ.

"ಭಾಯಿ, ವರದಿ ತೆಗೆದುಬಿಡಿ. ಹಕೀಮ್ ಓಡಿಹೋಗಲಿಲ್ಲ."

"ಕಾರಣ ಎಂತ ಬರಿಯುದು?"

"ಅವ ಜ್ವರ ಅಂತ ಮೆಸೇಜ್ ಮಾಡಿದ್ದ. ನನ್ನ ಫೋನಲ್ಲಿ ಈಗಲೂ ಉಂಟು. ಓದಿಯೇ ನಾನು ಹುರೂಬ್ ಬರೆದದ್ದು."

"ಓದಿ ಬರೆದದ್ದಾ?"

"ಓದಿಯೇ. ನನ್ನ ಹೆಸರು ಹಾಕಿ."

ಕೀಬೋರ್ಡಿನ ಸದ್ದು ಕೇಳಿತು, ನಿಂತಿತು. "ಆಯ್ತು. ಕಳಿಸಿದೆ, ಹೋಯ್ತು. ನಾನು ನಿಮಗೆ ಒಂದು ಹೇಳ್ಬೇಕು ಫೆಲಿಕ್ಸ್. ಹಕೀಮ್ ಬೆಳಿಗ್ಗೆ ಎಂಟರಿಂದ ನನ್ನ ಎದುರೇ ಕೂತಿದ್ದಾನೆ. ಶಹೀರ್ ಕಾರಲ್ಲಿ ಅಡಗಿಸಿ ತಂದು ಬಿಟ್ಟು ಹೋದ. ಮೆಸೇಜ್ ತೋರಿಸು, ನಾನೇ ತೆಗೀತೇನೆ ಅಂದೆ. ಕೇಳಲಿಲ್ಲ ಪುಣ್ಯಾತ್ಮ. ಮೂರರವರೆಗೆ ಕಾಯಿರಿ, ಫೆಲಿಕ್ಸ್ ಸಾರ್ ತಾವೇ ಹೇಳ್ತಾರೆ ಅಂದ. ಹೇಳದಿದ್ದರೆ ಎಂತ ಮಾಡ್ತಿ ಅಂದೆ. ಹೇಳ್ತಾರೆ, ಅವರು ದೇವರಿಗೆ ಹೆದರುವ ಜನ, ನಾನು ಕಣ್ಣಾರೆ ನೋಡಿದ್ದೇನೆ, ಎಲ್ಲಿ ಅಂತ ಮಾತ್ರ ಕೇಳಬೇಡಿ ಅಂದ. ಬೆಳಿಗ್ಗೆ ನೀವು ನನಗೆ ಸುಳ್ಳು ಹೇಳಿದ್ರಲ್ಲ, ಆಗಲೂ ಸ್ಪೀಕರ್ ಹಾಕಿತ್ತು, ಇವ ಎಲ್ಲ ಕೇಳಿದ್ದಾನೆ."

ಫೆಲಿಕ್ಸ್ ಮಹಡಿಯ ಕಿಟಕಿಯತ್ತ ನೋಡಿದ. ಬೆವತ ಗಾಜಿನ ಹಿಂದೆ ಕಪ್ಪಗೆ ಏನೋ ಇತ್ತು. ಫೋನು ಕೈ ಬದಲಾದ ಸದ್ದಾಯಿತು.

"ಸಾರ್," ಎಂದಿತು ಹಕೀಮನ ದನಿ, ಜ್ವರದಲ್ಲಿ ಇಳಿದುಹೋಗಿತ್ತು. "ನೋಡಿದ್ರಾ?"

"ನೋಡಿದೆ."

"ಕುತ್ತಿಗೆ ಹತ್ರ ಚಿಗುರಿರಬೇಕಲ್ವಾ. ಎರಡು ವಾರ ಆಯ್ತು. ನನಗೆ ಮಲಗಿದಲ್ಲೂ ಅದೇ ಯೋಚನೆ. ತೆಗೆದುಬಿಡಿ ಸಾರ್, ತಲೆ ಬಂದ್ರೆ ಉಮ್ಮಿಗೆ ಆಗುದಿಲ್ಲ."

"ಕತ್ತರಿ ಇಲ್ಲ ಹಕೀಮ್."

"ಎಳೇದಲ್ವಾ, ಕೈಯಲ್ಲೇ ಬರ್ತದೆ."

ಫೆಲಿಕ್ಸ್ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿ ಹಿಡಿದು, ತನ್ನದೇ ಬೆನ್ನಿನ ಮೇಲೆ ಬಾಗಿ, ಒಂದೊಂದೇ ಚಿಗುರನ್ನು ಕೀಳತೊಡಗಿದ. ಆ ಕಡೆಯಿಂದ ಹಕೀಮ್ ಮುಗಿಯುವವರೆಗೂ ಫೋನು ಹಿಡಿದುಕೊಂಡೇ ಇದ್ದ.